ಅಳತೆಯೂ ವಿವೇಕವೂ

ಮಾನವನ ನಾಗರಿಕತೆಯ ಇತಿಹಾಸವನ್ನು ಒಂದು ದೃಷ್ಟಿಯಿಂದ ಅಳತೆಯ ಇತಿಹಾಸವೆಂದೇ ಕರೆಯಬಹುದು. ಬಟ್ಟೆಯನ್ನು ಮೊಳದಿಂದಲೂ ಧಾನ್ಯವನ್ನು ಸೇರು ಕೊಳಗಗಳಿಂದಲೂ ದೂರವನ್ನು ಹರದಾರಿಯಿಂದಲೂ ಅಳೆಯುತ್ತ ನಮ್ಮ ಹಿರಿಯರು ಬಾಳಿದರು. ಅಳತೆಯಿಲ್ಲದಿದ್ದರೆ ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಂಬಿಕೆ ಬೆಳೆಯುತ್ತಿರಲಿಲ್ಲ. ಮನೆ ಕಟ್ಟುವ ಮೇಸ್ತ್ರಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಗೋಡೆಯ ನೇರವನ್ನು ಪರೀಕ್ಷಿಸುತ್ತಾನೆ. ಗೋಡೆ ಎಷ್ಟು ಎತ್ತರಕ್ಕೆ ಬಂದಿತೆಂಬುದು ದಾರಿಹೋಕನ ಕಣ್ಣಿಗೂ ಕಾಣುತ್ತದೆ. ಆದರೆ ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ವಸ್ತುವೊಂದನ್ನು ನೂರಾರು ಜನರು ಕೂಡಿ ಕಟ್ಟುವಾಗ ಅದು ಎಷ್ಟು ಮುಂದುವರಿದಿದೆಯೆಂದು ತಿಳಿಯುವ ಬಗೆ ಹೇಗೆ? ನಮ್ಮ ಕಾಲದ ಎಂಜಿನಿಯರರನ್ನು ಬಹುವಾಗಿ ಕಾಡಿದ ಪ್ರಶ್ನೆಗಳಲ್ಲಿ ಇದೂ ಒಂದು.

ಅಂಥ ವಸ್ತುವೇ ತಂತ್ರಾಂಶ. ಗಣಕಯಂತ್ರವು ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ವಿಧಿಸುವ ಆಜ್ಞೆಗಳ ಸಮೂಹಕ್ಕೆ ಈ ಹೆಸರು. ರೈಲಿನ ಟಿಕೆಟು, ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಯಂತ್ರ, ಆಕಾಶದ ಉಪಗ್ರಹ ಇವೆಲ್ಲವೂ ಇಂದು ತಂತ್ರಾಂಶವನ್ನು ನಂಬಿ ನಡೆಯುತ್ತವೆ. ದೊಡ್ಡ ತಂತ್ರಾಂಶವೊಂದರಲ್ಲಿ ಲಕ್ಷಾಂತರ ಸಾಲುಗಳಷ್ಟು ಆಜ್ಞೆಗಳಿರುತ್ತವೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಒಂದೇ ಪಾತ್ರೆಯಲ್ಲಿ ಒಂದೇ ಉರಿಗೆ ಬೆಂದ ಅಗುಳುಗಳೆಲ್ಲ ಒಂದೇ ಬಗೆಯವು. ತಂತ್ರಾಂಶದಲ್ಲಾದರೋ ಪ್ರತಿಯೊಂದು ಸಾಲೂ ಬೇರೆ ಬೇರೆ. ಒಂದು ಸಾಲಿನ ತಪ್ಪು ಇಡೀ ಕಟ್ಟಡವನ್ನು ಕೆಡವಬಲ್ಲದು.

ಈ ಕಷ್ಟವು ಜಗತ್ತಿನ ಅರಿವಿಗೆ ಬಂದದ್ದು 1960ರ ದಶಕದಲ್ಲಿ. ದೊಡ್ಡ ತಂತ್ರಾಂಶಗಳು ಹೇಳಿದ ಕಾಲಕ್ಕೆ ಮುಗಿಯುತ್ತಿರಲಿಲ್ಲ. ಹೇಳಿದ ವೆಚ್ಚದಲ್ಲಿಯೂ ಮುಗಿಯುತ್ತಿರಲಿಲ್ಲ. ಮುಗಿದ ಮೇಲೆಯೂ ತಪ್ಪುಗಳಿಂದ ತುಂಬಿರುತ್ತಿದ್ದುವು. 1968ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ತಜ್ಞರು ಸಭೆ ಸೇರಿ, ಸೇತುವೆ ಕಟ್ಟುವವರ ಶಿಸ್ತು ತಂತ್ರಾಂಶ ಬರೆಯುವವರಿಗೂ ಬೇಕೆಂದು ವಿಚಾರ ಮಾಡಿದರು. ಶಿಸ್ತು ಎಂದೊಡನೆ ಅಳತೆಯ ಮಾತು ಬಂದೇ ಬರುತ್ತದೆ.

ಆದರೆ ಯಾವುದನ್ನು ಅಳೆಯಬೇಕು? ಮೊದಲು ಜನರು ಹಿಡಿದದ್ದು ಆಳು-ತಿಂಗಳೆಂಬ ಅಳತೆಯನ್ನು. ಒಬ್ಬನು ಒಂದು ತಿಂಗಳಲ್ಲಿ ಮಾಡುವಷ್ಟು ಕೆಲಸವೇ ಒಂದು ಆಳು-ತಿಂಗಳು. ಅರವತ್ತು ಆಳು-ತಿಂಗಳ ಕೆಲಸವನ್ನು ಐದು ಜನ ಒಂದು ವರ್ಷದಲ್ಲಿ ಮುಗಿಸುವುದಾದರೆ, ಅರವತ್ತು ಜನ ಒಂದೇ ತಿಂಗಳಲ್ಲಿ ಮುಗಿಸಬೇಕಲ್ಲವೇ ಎಂಬುದು ಇದರ ಹಿಂದಿನ ತರ್ಕ. ಐಬಿಎಂ ಸಂಸ್ಥೆಯು 1964ರಲ್ಲಿ ಸಾರಿದ ಸಿಸ್ಟಂ 360 ಎಂಬ ಗಣಕಯಂತ್ರಗಳಿಗೆ ಬೇಕಾದ ಮೂಲ ತಂತ್ರಾಂಶವನ್ನು ಸಿದ್ಧಪಡಿಸುವ ಹೊಣೆ ಫ್ರೆಡರಿಕ್ ಬ್ರೂಕ್ಸ್ ಎಂಬವರ ಮೇಲೆ ಬಿದ್ದಿತ್ತು. ಸಾವಿರಕ್ಕೂ ಹೆಚ್ಚು ಜನರು ದುಡಿದರೂ ಆ ಕೆಲಸ ತಡವಾಯಿತು. ಆ ಅನುಭವವನ್ನು ಅವರು 1975ರಲ್ಲಿ ಪುಸ್ತಕವಾಗಿ ಬರೆದು, ತಡವಾದ ತಂತ್ರಾಂಶದ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆಯೆಂದು ತೋರಿಸಿದರು.

ಈ ಮಾತು ಮೇಲುನೋಟಕ್ಕೆ ವಿಚಿತ್ರವೆನಿಸಿದರೂ ಅದರ ಕಾರಣ ಸರಳವಾದ ಗಣಿತದಲ್ಲಿದೆ. ಹೊಲದ ಕಳೆ ಕೀಳುವ ಹತ್ತು ಜನರು ತಮ್ಮ ತಮ್ಮ ಸಾಲು ಹಿಡಿದು ಹೋದರಾಯಿತು, ಒಬ್ಬರೊಡನೊಬ್ಬರು ಸಮಾಲೋಚಿಸಬೇಕಾಗಿಲ್ಲ. ತಂತ್ರಾಂಶದ ಒಂದು ಭಾಗವನ್ನು ಬರೆಯುವವನು ಮಿಕ್ಕ ಭಾಗಗಳನ್ನು ಬರೆಯುವವರೊಡನೆ ಮಾತನಾಡಲೇಬೇಕು. ಮೂವರಿದ್ದರೆ ಇಬ್ಬಿಬ್ಬರ ಜೋಡಿಗಳು ಮೂರು. ಹತ್ತು ಜನರಿದ್ದರೆ 45. ಐವತ್ತು ಜನರಿದ್ದರೆ 1,225. ಜನರು ಐದು ಪಟ್ಟು ಹೆಚ್ಚಿದರೆ ಮಾತಿನ ದಾರಿಗಳು ಇಪ್ಪತ್ತೇಳು ಪಟ್ಟು ಹೆಚ್ಚಿದುವು. ಇದಲ್ಲದೆ ಹೊಸಬರಿಗೆ ಕೆಲಸ ಕಲಿಸುವ ಹೊರೆಯೂ ಹಳಬರ ಮೇಲೆ ಬೀಳುತ್ತದೆ. ಹೆಪ್ಪು ಹಾಕಿದ ಹಾಲಿನ ಮುಂದೆ ಹತ್ತು ಜನ ಕಾವಲು ಕುಳಿತರೂ ಅದು ಮೊಸರಾಗಲು ರಾತ್ರಿ ಕಳೆಯಲೇಬೇಕು. ವೇತನದ ಲೆಕ್ಕಕ್ಕೆ ಆಳು-ತಿಂಗಳು ತಕ್ಕ ಅಳತೆ; ಕೆಲಸದ ಪ್ರಗತಿಯನ್ನು ತಿಳಿಯಲು ಅದು ಮೋಸದ ಅಳತೆ.

ಇನ್ನು ಕೆಲವರು ಬರೆದ ಸಾಲುಗಳನ್ನು ಎಣಿಸಿದರು. ಯಾರು ಹೆಚ್ಚು ಸಾಲು ಬರೆದರೋ ಅವರು ಹೆಚ್ಚು ದುಡಿದರೆಂದು ತಿಳಿದರು. ಇದರ ಪೊಳ್ಳನ್ನು ತೋರಿಸುವ ಒಂದು ಪ್ರಸಂಗ 1982ರಲ್ಲಿ ಆಪಲ್ ಸಂಸ್ಥೆಯಲ್ಲಿ ನಡೆಯಿತು. ಪ್ರತಿಯೊಬ್ಬ ಎಂಜಿನಿಯರನೂ ವಾರಕ್ಕೊಮ್ಮೆ ತಾನು ಬರೆದ ಸಾಲುಗಳ ಸಂಖ್ಯೆಯನ್ನು ಒಂದು ನಮೂನೆಯಲ್ಲಿ ತುಂಬಿ ಕೊಡಬೇಕೆಂದು ಅಲ್ಲಿನ ಮೇಲಧಿಕಾರಿಗಳು ಅಪ್ಪಣೆ ಮಾಡಿದರು. ಬಿಲ್ ಅಟ್ಕಿನ್‌ಸನ್ ಎಂಬ ಎಂಜಿನಿಯರು ಆ ವಾರ ಪರದೆಯ ಮೇಲೆ ಚಿತ್ರ ಬರೆಯುವ ತಂತ್ರಾಂಶದ ಒಂದು ಭಾಗವನ್ನು ಹೊಸದಾಗಿ ಯೋಚಿಸಿ ಸರಳಗೊಳಿಸಿದ್ದರು. ಅದು ಮೊದಲಿಗಿಂತ ಸುಮಾರು ಆರು ಪಟ್ಟು ವೇಗವಾಗಿ ನಡೆಯತೊಡಗಿತು; ಜೊತೆಗೆ ಸುಮಾರು ಎರಡು ಸಾವಿರ ಸಾಲುಗಳು ಬೇಡವಾದುವು. ಅವರು ನಮೂನೆಯಲ್ಲಿ ‘ಋಣ 2000’ ಎಂದು ಬರೆದು ಕೊಟ್ಟರು. ಕೆಲವು ವಾರಗಳ ತರುವಾಯ ಅವರಿಂದ ಆ ನಮೂನೆಯನ್ನು ಕೇಳುವುದನ್ನು ಅಧಿಕಾರಿಗಳು ನಿಲ್ಲಿಸಿದರೆಂದು ಅವರ ಸಹೋದ್ಯೋಗಿ ಆಂಡಿ ಹರ್ಟ್ಸ್‌ಫೆಲ್ಡ್ ಬರೆದಿಟ್ಟಿದ್ದಾರೆ. ವಿಮಾನ ಕಟ್ಟುವವನ ಶ್ರಮವನ್ನು ವಿಮಾನದ ತೂಕದಿಂದ ಅಳೆದರೆ ಹಾರದ ವಿಮಾನಕ್ಕೇ ಬಹುಮಾನ ಸಿಕ್ಕೀತು!

ಇಂಥ ನಿದರ್ಶನಗಳನ್ನು ಕೇಳಿ, ಬುದ್ಧಿಯ ಕೆಲಸವನ್ನು ಅಳೆಯಲು ಸಾಧ್ಯವೇ ಇಲ್ಲ, ಅಳತೆಯ ಗೊಡವೆಯೇ ಬೇಡ ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ಅಳತೆಯನ್ನು ಬಿಟ್ಟರೆ ಉಳಿಯುವುದು ಊಹೆ. ಊಹೆಯು ಸಾಮಾನ್ಯವಾಗಿ ನಮ್ಮ ಆಸೆಯ ಕಡೆಗೇ ವಾಲುತ್ತದೆ. ‘ಕೆಲಸ ಎಷ್ಟಾಯಿತು?’ ಎಂದು ಕೇಳಿದರೆ ‘ನೂರರಲ್ಲಿ ತೊಂಬತ್ತು ಪಾಲು ಮುಗಿಯಿತು’ ಎಂಬ ಉತ್ತರ ಬರುತ್ತದೆ. ಮುಂದಿನ ತಿಂಗಳು ಕೇಳಿದರೂ ಅದೇ ಉತ್ತರ. ಹೇಳುವವನು ಸುಳ್ಳುಗಾರನಲ್ಲ, ಉಳಿದ ಕೆಲಸವನ್ನು ಅವನು ಕಂಡಿಲ್ಲ, ಅಷ್ಟೆ.

ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳೋಣ. ಒಂದು ತಂತ್ರಾಂಶದಲ್ಲಿ ಹೆಚ್ಚುಕಡಮೆ ಒಂದೇ ಗಾತ್ರದ 200 ಭಾಗಗಳಿವೆ, ಇಪ್ಪತ್ತು ವಾರಗಳಲ್ಲಿ ಅದು ಮುಗಿಯಬೇಕು ಎಂದಿಟ್ಟುಕೊಳ್ಳಿ. ಬರೆದು, ಪರೀಕ್ಷೆಗೆ ಒಡ್ಡಿ, ತೇರ್ಗಡೆಯಾದ ಭಾಗವನ್ನು ಮಾತ್ರ ಮುಗಿದದ್ದೆಂದು ಎಣಿಸುವುದು ನಿಯಮ. ಹತ್ತನೆಯ ವಾರದ ಕೊನೆಗೆ 60 ಭಾಗಗಳು ಮುಗಿದಿವೆ. ಎಂದರೆ ವಾರಕ್ಕೆ ಆರು. ಉಳಿದ 140 ಭಾಗಗಳಿಗೆ ಇದೇ ವೇಗದಲ್ಲಿ ಇಪ್ಪತ್ತಮೂರು ವಾರಗಳಿಗೂ ಹೆಚ್ಚು ಕಾಲ ಬೇಕು. ಕೈಯಲ್ಲಿರುವುದು ಹತ್ತೇ ವಾರ. ಈ ಸಂಖ್ಯೆ ಯಾರನ್ನೂ ದೂರುವುದಿಲ್ಲ, ಯಾರನ್ನೂ ಹೊಗಳುವುದಿಲ್ಲ. ಆದರೆ ಇನ್ನೂ ಸಮಯವಿರುವಾಗಲೇ ಸತ್ಯವನ್ನು ಮುಂದಿಡುತ್ತದೆ. ಅವಧಿಯನ್ನು ಹೆಚ್ಚಿಸಬೇಕೆ, ಅಥವಾ ಹಾಸಿಗೆ ಇದ್ದಷ್ಟು ಕಾಲು ಚಾಚಿ ಕೆಲವು ಸೌಕರ್ಯಗಳನ್ನು ಕೈಬಿಡಬೇಕೆ ಎಂದು ಹೊಣೆ ಹೊತ್ತವರು ಆಗಲೇ ತೀರ್ಮಾನಿಸಬಹುದು. ಒಳ್ಳೆಯ ಅಳತೆಯ ಪ್ರಯೋಜನ ಇದು.

ಇಂಥ ಅಳತೆಯನ್ನು ಆರಿಸುವ ಒಂದು ಕ್ರಮವನ್ನು ಅಮೆರಿಕದ ವಿಕ್ಟರ್ ಬೆಸಿಲಿ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ ರೂಪಿಸಿದರು. 1976ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಸ್ಥಾಪನೆಯಾದ ತಂತ್ರಾಂಶ ಪ್ರಯೋಗಶಾಲೆಯೊಡನೆ ಅವರು ದುಡಿದವರು. ಮೊದಲು ಗುರಿಯನ್ನು ಹೇಳು. ಆ ಗುರಿ ಸಾಧಿಸಿತೇ ಎಂದು ತಿಳಿಯಲು ಬೇಕಾದ ಪ್ರಶ್ನೆಗಳನ್ನು ಕೇಳು. ಆ ಪ್ರಶ್ನೆಗಳಿಗೆ ಉತ್ತರ ಕೊಡುವ ಸಂಖ್ಯೆಯನ್ನು ಮಾತ್ರ ಕೂಡಿಸು—ಇದು ಆ ಕ್ರಮದ ಸಾರ. ಪ್ರಶ್ನೆಯಿಲ್ಲದೆ ಕೂಡಿಸಿದ ಸಂಖ್ಯೆ ಉಗ್ರಾಣ ತುಂಬುತ್ತದೆ, ಹಸಿವನ್ನು ತಣಿಸುವುದಿಲ್ಲ.

ಸಂಖ್ಯೆ ದೊರೆತ ಮೇಲೆಯೂ ಅದರ ಅರ್ಥವನ್ನು ಎಚ್ಚರದಿಂದ ಗ್ರಹಿಸಬೇಕು. ಈ ವಾರ ಕಂಡುಬಂದ ತಪ್ಪುಗಳು ಕಳೆದ ವಾರಕ್ಕಿಂತ ಕಡಮೆಯಾದುವೆಂದರೆ ತಂತ್ರಾಂಶ ಉತ್ತಮವಾಯಿತೆಂದು ಹೇಳಬಹುದೇ? ಪರೀಕ್ಷಿಸುವವರು ಅರ್ಧ ವಾರ ರಜೆಯಲ್ಲಿದ್ದರೂ ಸಂಖ್ಯೆ ಇಳಿಯುತ್ತದೆ. ಅಳತೆಯ ಮಾನದ ಬಗೆಗೆ ಎಲ್ಲರ ತಿಳಿವೂ ಒಂದೇ ಆಗಿರುವುದು ಇನ್ನೂ ಅಗತ್ಯ. 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹವನ್ನು ತಲಪಿದ ನಾಸಾದ ಒಂದು ನೌಕೆ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಸಿತು. ನೂಕುಬಲದ ಪರಿಣಾಮವನ್ನು ಒಂದು ತಂಡದ ತಂತ್ರಾಂಶವು ಪೌಂಡುಗಳ ಮಾನದಲ್ಲಿ ಲೆಕ್ಕ ಹಾಕಿತ್ತು; ಇನ್ನೊಂದು ತಂಡ ಅದನ್ನು ನ್ಯೂಟನ್ ಮಾನದ ಸಂಖ್ಯೆಯೆಂದು ತಿಳಿದಿತ್ತು. ಒಂದಕ್ಕೂ ಇನ್ನೊಂದಕ್ಕೂ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಗ್ರಹದ ನೆಲದಿಂದ ಸುಮಾರು 226 ಕಿಲೋಮೀಟರು ಎತ್ತರದಲ್ಲಿ ಸಾಗಬೇಕಾಗಿದ್ದ ನೌಕೆ ಸುಮಾರು 57 ಕಿಲೋಮೀಟರಿನಷ್ಟು ಕೆಳಕ್ಕೆ ಇಳಿದು ನಾಶವಾಯಿತು. ಪಥದಲ್ಲಿ ಏನೋ ಹೆಚ್ಚುಕಡಮೆಯಿದೆಯೆಂಬ ಸಂಶಯ ಕೆಲವರಿಗೆ ಮೊದಲೇ ಬಂದಿತ್ತು. ಆದರೆ ಆ ಸಂಶಯವು ಕ್ರಮವಾದ ದಾರಿಯಿಂದ ಮೇಲಿನವರನ್ನು ಮುಟ್ಟಲಿಲ್ಲ. ಅಳತೆ ಎಚ್ಚರಿಸಿತು, ಮನುಷ್ಯರು ಕಿವಿಗೊಡಲಿಲ್ಲ.

ನಮ್ಮ ನಾಡಿಗೂ ಈ ವಿಷಯಕ್ಕೂ ಹತ್ತಿರದ ನಂಟಿದೆ. ತಂತ್ರಾಂಶ ಸಂಸ್ಥೆಗಳ ಶಿಸ್ತನ್ನು ಐದು ಮೆಟ್ಟಿಲುಗಳಲ್ಲಿ ಗುರುತಿಸುವ ಒಂದು ಪದ್ಧತಿಯನ್ನು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಸಂಸ್ಥೆಯೊಂದು 1991ರಲ್ಲಿ ಪ್ರಕಟಿಸಿತು. ಅದರ ನಾಲ್ಕನೆಯ ಮೆಟ್ಟಿಲನ್ನು ಏರಬೇಕಾದರೆ ಕೆಲಸವನ್ನು ಸಂಖ್ಯೆಗಳ ಆಧಾರದಿಂದ ನಡೆಸಬೇಕು. ಐದನೆಯದಕ್ಕೆ ಆ ಸಂಖ್ಯೆಗಳಿಂದ ಕಲಿತು ಸತತವಾಗಿ ಸುಧಾರಿಸಿಕೊಳ್ಳಬೇಕು. 1990ರ ದಶಕದಲ್ಲಿ ಬೆಂಗಳೂರಿನ ಕೆಲವು ಸಂಸ್ಥೆಗಳು ಈ ಐದನೆಯ ಮೆಟ್ಟಿಲನ್ನು ಏರಿದುವು. ದೂರದ ದೇಶದವರು ಮುಖ ಕಾಣದ ಎಂಜಿನಿಯರರಿಗೆ ಕೆಲಸ ಒಪ್ಪಿಸಲು ಇಂಥ ಶಿಸ್ತು ಒಂದು ಆಧಾರವಾಯಿತು. ಸಂತೆಯಲ್ಲಿ ಸೇರು ಮಾಡುವ ಕೆಲಸವನ್ನೇ ಇಲ್ಲಿ ಸಂಖ್ಯೆ ಮಾಡಿತು.

ಇಷ್ಟಾದರೂ ಒಂದು ಅಪಾಯವನ್ನು ಮರೆಯಬಾರದು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸಿನ ನೀತಿಯನ್ನು ಕುರಿತು ಒಂದು ಸೂಕ್ಷ್ಮವನ್ನು ಎತ್ತಿ ತೋರಿದರು. ಸ್ಥಿತಿಯನ್ನು ತಿಳಿಸುತ್ತಿದ್ದ ಸಂಖ್ಯೆಯನ್ನೇ ಹತೋಟಿಯ ಹಗ್ಗವಾಗಿ ಜಗ್ಗತೊಡಗಿದರೆ ಅದು ಸ್ಥಿತಿಯನ್ನು ತಿಳಿಸುವ ಗುಣವನ್ನು ಕಳೆದುಕೊಳ್ಳುತ್ತದೆ ಎಂಬುದು ಅದರ ತಾತ್ಪರ್ಯ. ತಂತ್ರಾಂಶದಲ್ಲಿಯೂ ಹೀಗೆಯೇ. ತಪ್ಪುಗಳ ಎಣಿಕೆಯನ್ನು ನೋಡಿ ಬರೆದವನಿಗೆ ದಂಡ ವಿಧಿಸಿದರೆ ತಪ್ಪುಗಳು ಕಡಮೆಯಾಗುವುದಿಲ್ಲ, ತಪ್ಪುಗಳನ್ನು ಹೇಳುವವರು ಕಡಮೆಯಾಗುತ್ತಾರೆ. ಅಡಗಿದ ತಪ್ಪು ಒಂದು ದಿನ ಆಸ್ಪತ್ರೆಯಲ್ಲಿಯೋ ಆಕಾಶದಲ್ಲಿಯೋ ಹೊರಬರುತ್ತದೆ. ಆಗ ಅದರ ಬೆಲೆ ತೆರುವವರು ಸಂಖ್ಯೆ ಬರೆದವರಲ್ಲ, ಅದನ್ನು ನಂಬಿದವರು. ತಂತ್ರಾಂಶದ ಕೆಲಸಕ್ಕೆ ಅಳತೆಯ ಹತೋಟಿ ಅನಿವಾರ್ಯವೆಂದು 1982ರಲ್ಲಿ ಗಟ್ಟಿಯಾಗಿ ವಾದಿಸಿದ್ದ ಟಾಮ್ ಡಿಮಾರ್ಕೊ ಅವರೇ 2009ರಲ್ಲಿ ಆ ವಾದವನ್ನು ಮರಳಿ ವಿಮರ್ಶಿಸಿ ಸಡಿಲಿಸಿದರು. ಅಷ್ಟು ಬಿಗಿಯಾದ ಹತೋಟಿ ಬೇಕಾಗುವುದು ಲಾಭ ಅತ್ಯಲ್ಪವಾದ ಕೆಲಸಗಳಿಗೆ. ನಿಜವಾಗಿ ಬೆಲೆಯುಳ್ಳ ಕೆಲಸಕ್ಕೆ ಅದು ಅಷ್ಟು ಮುಖ್ಯವಲ್ಲ ಎಂಬ ಅಭಿಪ್ರಾಯಕ್ಕೆ ಅವರು ಬಂದಿದ್ದರು.

ಆದುದರಿಂದ ನನಗೆ ತೋರುವುದಿಷ್ಟು. ಅಳತೆ ಕೆಲಸಕ್ಕೆ ಇರಬೇಕೇ ಹೊರತು ಕೆಲಸಗಾರನನ್ನು ಹೆದರಿಸುವುದಕ್ಕಲ್ಲ. ಅದು ದೀಪವಾಗಬೇಕು, ಬೆತ್ತವಾಗಬಾರದು. ಸಂಖ್ಯೆಯನ್ನು ಕೇಳುವವರು ಅದು ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ಮೊದಲು ಹೇಳಬೇಕು. ಕಹಿಯಾದ ಸಂಖ್ಯೆಯನ್ನು ತಂದವನನ್ನು ಆದರಿಸಬೇಕು. ಸಂಖ್ಯೆಯನ್ನು ಕೊಡುವವರು ಇದ್ದದ್ದನ್ನು ಇದ್ದಂತೆ ಕೊಡಬೇಕು.

ವಿದ್ಯಾರ್ಥಿಗಳೂ ನಿತ್ಯವೂ ಅಳತೆಗೆ ಒಳಗಾಗುವವರೇ. ಪರೀಕ್ಷೆಯ ಅಂಕ ಒಂದು ಅಳತೆ. ಯಾವ ಪಾಠ ಮನಸ್ಸಿಗೆ ಹತ್ತಿಲ್ಲವೆಂದು ಅದು ತೋರಿಸಿಕೊಟ್ಟರೆ ಅದು ಉಪಕಾರಿ. ಅಂಕವೇ ಗುರಿಯಾಗಿ ಪಾಠ ಹಿಂದೆ ಸರಿದರೆ ಅದು ಋಣ 2000ದ ಕಥೆಯ ಇನ್ನೊಂದು ರೂಪ. ಈ ತರಗತಿಯಲ್ಲಿರುವ ಅನೇಕರು ನಾಳೆ ಎಂಜಿನಿಯರರಾಗಬಹುದು, ಹಲವರು ಇತರರ ಕೆಲಸವನ್ನು ಅಳೆಯುವ ಸ್ಥಾನಕ್ಕೂ ಏರಬಹುದು. ಕೋಲನ್ನು ಹಿಡಿದ ಕೈಗೆ ಪ್ರಾಮಾಣಿಕತೆಯೂ, ಕೋಲು ಎಲ್ಲಿಯವರೆಗೆ ಮುಟ್ಟಬಲ್ಲದೆಂಬ ತಿಳಿವೂ ಇದ್ದರೆ ಮಾತ್ರ ಅಳತೆ ಸಾರ್ಥಕವಾಗುತ್ತದೆ.