ದರದ ಗ್ಯಾರಂಟಿ: ಜಾಣತನಕ್ಕೂ ಬೇಕು ಮಿತಿ

ಷರತ್ತು ಮೀರದಿದ್ದರೆ ಸಾಲದು, ತೋರಿಸುವ ದರವೂ ನಿಜವಾಗಿರಬೇಕು

ನಮ್ಮ ಜಾಲತಾಣದಲ್ಲಿ ಇರುವುದಕ್ಕಿಂತ ಕಡಿಮೆ ದರ ಬೇರೆಲ್ಲಾದರೂ ಕಂಡರೆ ತೋರಿಸಿ, ಅದಕ್ಕಿಂತಲೂ ಅಗ್ಗವಾಗಿ ಕೋಣೆ ಕೊಡುತ್ತೇವೆ– ಇದು ದೊಡ್ಡ ಹೋಟೆಲ್ ಸಮೂಹಗಳ ಭರವಸೆ. ಕ್ಲೇಮು ಒಪ್ಪಿತವಾದರೆ ಮ್ಯಾರಿಯಟ್ ಆ ಕಡಿಮೆ ದರದಲ್ಲಿ ಶೇ 25ರಷ್ಟು ರಿಯಾಯಿತಿ ಅಥವಾ 5,000 ರಿವಾರ್ಡ್ ಪಾಯಿಂಟ್ ಕೊಡುತ್ತದೆ. ಹಿಲ್ಟನ್‌ನಲ್ಲೂ ಶೇ 25 ಕಡಿತವಿದೆ. ಐಎಚ್‌ಜಿ ಒಂದು ಕಾಲದಲ್ಲಿ ಮೊದಲ ರಾತ್ರಿಯ ಬಾಡಿಗೆಯನ್ನೇ ಬಿಟ್ಟುಕೊಡುತ್ತಿತ್ತು. ಈ ಲಾಭಕ್ಕಾಗಿಯೇ ದರದ ವ್ಯತ್ಯಾಸ ಹುಡುಕುತ್ತಾ ಕೂರುವವರಿದ್ದಾರೆ. ಅವರು ಮಾಡುತ್ತಿರುವುದು ತಪ್ಪೇ?

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಈ ಗ್ಯಾರಂಟಿ ದಾನವಲ್ಲ. ಬುಕಿಂಗ್ ಜಾಲತಾಣಗಳ ಮೂಲಕ ಬರುವ ಗ್ರಾಹಕನಿಗಾಗಿ ಹೋಟೆಲ್ ದೊಡ್ಡ ಮೊತ್ತದ ಕಮಿಷನ್ ತೆರಬೇಕು. ಗ್ರಾಹಕ ನೇರವಾಗಿ ಬಂದರೆ ಅದು ಉಳಿಯುತ್ತದೆ. ‘ಇಲ್ಲೇ ಅಗ್ಗ’ ಎಂಬ ನಂಬಿಕೆ ಹುಟ್ಟಿದರೆ ಬೇರೆಡೆ ಹುಡುಕುವವರೂ ಕಡಿಮೆಯಾಗುತ್ತಾರೆ. ಇಂಥ ಭರವಸೆಗಳು ಪೈಪೋಟಿಯನ್ನೇ ಮಂಕಾಗಿಸಬಲ್ಲವು ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಸಲೋಪ್ 1986ರಲ್ಲೇ ವಾದಿಸಿದ್ದರು. ಅದೇ ಕೋಣೆ, ಅದೇ ದಿನಾಂಕ, ಅದೇ ರದ್ದತಿ ನಿಯಮ, ಬುಕ್ ಮಾಡಿದ 24 ಗಂಟೆಯೊಳಗೆ ಅರ್ಜಿ– ಹೀಗೆ ಷರತ್ತುಗಳನ್ನು ಬರೆದವರೂ ಕಂಪನಿಯವರೇ. ಅವನ್ನೆಲ್ಲ ಪಾಲಿಸಿ, ನಿಜವಾದ ದರ ತೋರಿಸಿ ಲಾಭ ಪಡೆದವರು ಯಾರ ಮುಂದೆಯೂ ತಲೆತಗ್ಗಿಸಬೇಕಿಲ್ಲ.

ತಪ್ಪು ಶುರುವಾಗುವುದು ಸುಳ್ಳಿನಿಂದ. ಕೆಲವು ಜಾಲತಾಣಗಳಲ್ಲಿ ಕಾಣುವ ದರ ಹಣ ಪಾವತಿಸುವ ಹಂತದಲ್ಲಿ ಮಾಯವಾಗುತ್ತದೆ. ಅದು ಸಿಗುವುದಿಲ್ಲವೆಂದು ಗೊತ್ತಿದ್ದೂ ಅದರ ಚಿತ್ರವನ್ನೇ ಸಾಕ್ಷಿಯಾಗಿ ಕಳಿಸುವುದು ಮೋಸ. ಉಳಿಯುವ ಉದ್ದೇಶವೇ ಇಲ್ಲದೆ ನಾಲ್ಕಾರು ಕೋಣೆ ಹಿಡಿದಿಟ್ಟು, ಕ್ಲೇಮು ಗೆದ್ದದ್ದನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ರದ್ದು ಮಾಡುವುದು ಕೋಣೆ ಬೇಕಿದ್ದ ಇನ್ನೊಬ್ಬರಿಗೆ ಮಾಡುವ ಅನ್ಯಾಯ. ಅಳತೆಗೋಲು ಸರಳ: ಗ್ಯಾರಂಟಿಯೇ ಇಲ್ಲದಿದ್ದರೆ ಆ ಕಡಿಮೆ ದರಕ್ಕೆ ಅಲ್ಲೇ ಬುಕ್ ಮಾಡುತ್ತಿದ್ದೆನೇ? ಹೌದು ಎನ್ನುವವರು ಕೇಳುತ್ತಿರುವುದು ತಮ್ಮ ಹಕ್ಕನ್ನು.

ನಷ್ಟ ಯಾರ ತಲೆಗೆ ಎಂಬುದನ್ನೂ ನೋಡಬೇಕು. ಈ ಸಮೂಹಗಳ ಬಹುಪಾಲು ಹೋಟೆಲುಗಳಲ್ಲಿ ಬ್ರ್ಯಾಂಡ್ ಒಬ್ಬರದು, ಕಟ್ಟಡ ಇನ್ನೊಬ್ಬರದು. ‘ದೊಡ್ಡ ಕಂಪನಿ ತಾನೇ, ಹೋದರೆ ಹೋಗಲಿ’ ಎನ್ನುವವರ ಪೆಟ್ಟು ಆ ಮಾಲೀಕರ ಆದಾಯಕ್ಕೇ ಬೀಳಬಹುದು. ಕಂಪನಿ ಚಾಪೆ ಕೆಳಗೆ ನುಸುಳಿದರೆ ಗ್ರಾಹಕ ರಂಗೋಲಿ ಕೆಳಗೆ ನುಸುಳುವ ಈ ಆಟದಲ್ಲಿ ಷರತ್ತುಗಳು ಬಿಗಿಯಾಗುತ್ತಾ ಹೋಗುತ್ತವೆ. ಕೊನೆಗೆ ಪೆಟ್ಟು ತಿನ್ನುವವರು ವರ್ಷಕ್ಕೊಮ್ಮೆ ಪ್ರವಾಸ ಹೋಗುವ ಪ್ರಾಮಾಣಿಕರು.

ಕಂಪನಿಗಳ ಹೊಣೆಯೂ ಕಡಿಮೆಯದಲ್ಲ. ಕೋಣೆಯ ಹೆಸರಿನಲ್ಲಿ ಒಂದು ಪದ ಬೇರೆಯಿದೆ ಎಂಬ ನೆಪ ಹೇಳಿ ಕ್ಲೇಮು ತಿರಸ್ಕರಿಸುವುದೂ ವಂಚನೆಯೇ. ಬುಕಿಂಗ್ ಜಾಲತಾಣಗಳೂ ಈ ಹೊಣೆಗೆ ಹೊರತಲ್ಲ. ಹೋಟೆಲುಗಳು ಬೇರೆಡೆ ಕಡಿಮೆ ದರ ಕೊಡದಂತೆ ಕಟ್ಟಿಹಾಕಿದ ಷರತ್ತುಗಳು ಸೇರಿದಂತೆ ಹಲವು ಕಾರಣಗಳಿಗೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೊಗೆ ₹223.48 ಕೋಟಿ ದಂಡ ವಿಧಿಸಿತ್ತು. ಇಂಥ ಕಟ್ಟುಗಳು ಸಡಿಲಗೊಂಡಷ್ಟೂ ದರಗಳು ನಿಜವಾಗಿ ಬೇರೆಯಾಗುತ್ತವೆ, ಗ್ಯಾರಂಟಿಗೂ ಅರ್ಥ ಬರುತ್ತದೆ. ಆ ಗ್ಯಾರಂಟಿಯ ಷರತ್ತುಗಳು ಸರಳ ಭಾಷೆಯಲ್ಲಿರಬೇಕು, ತಿರಸ್ಕಾರಕ್ಕೆ ಲಿಖಿತ ಕಾರಣ ಕೊಡಬೇಕು. ಕಂಪನಿಯಿಂದ ಇಷ್ಟು ಪ್ರಾಮಾಣಿಕತೆ ಬಯಸುವ ಗ್ರಾಹಕ ತಾನು ಕಳಿಸುವ ಸಾಕ್ಷ್ಯದಲ್ಲೂ ಅಷ್ಟೇ ಪ್ರಾಮಾಣಿಕನಾಗಿರಬೇಕು.