ಚಿತ್ತೆ ಮುಳುಗಿತೆಂದ ಗಡಿಯಾರ

“ನನ್ನ ಮದುವೆಯಾದದ್ದು ವಿಕಾರಿ ಸಂವತ್ಸರದಲ್ಲಿ” ಎಂದು ಯಾರಾದರೂ ಹೇಳಿದರೆ, ಅವರ ತಲೆಗೂದಲನ್ನು ನೋಡಿಯೇ ಇಸವಿಯನ್ನು ನಿರ್ಣಯಿಸಬೇಕಾಗುತ್ತದೆ. ವಿಕಾರಿ 1959ರಲ್ಲಿಯೂ ಬಂದಿತ್ತು, 2019ರಲ್ಲಿಯೂ ಬಂದಿತು. ಅರವತ್ತರ ಚಕ್ರ ಎಷ್ಟು ಬಾರಿ ಉರುಳಿದೆಯೆಂಬುದನ್ನು ಸಂವತ್ಸರದ ಹೆಸರು ತಿಳಿಸುವುದಿಲ್ಲ. ಆ 2019ರ ಯುಗಾದಿಯ ಮರುದಿನ, ಏಪ್ರಿಲ್ 7ರ ಮುಂಜಾನೆ, ನಮ್ಮ ಗಡಿಯಾರದಲ್ಲಿ ಐದೂವರೆಗೆ ಇನ್ನು 18 ಸೆಕೆಂಡು ಇರುವಾಗ, ಹಳೆಯ ಜಿ.ಪಿ.ಎಸ್. ಯಂತ್ರಗಳಿಗೂ ಇದೇ ತೊಡಕು ಒದಗಿತು.

ದಾರಿ ತೋರುವ ಈ ಉಪಗ್ರಹಗಳು ತಮ್ಮೊಳಗಿನ ಪರಮಾಣು ಗಡಿಯಾರಗಳ ಕಾಲವನ್ನೂ ಸಾರುತ್ತಿರುತ್ತವೆ. ಖಗೋಳ ವೀಕ್ಷಣಾಲಯಗಳು ಮಾಳಿಗೆಯ ಮೇಲೊಂದು ಆಂಟೆನಾ ನಿಲ್ಲಿಸಿ ಅದನ್ನು ಹಿಡಿಯುತ್ತವೆ. ಆದರೆ ಉಪಗ್ರಹವು ಇಸವಿಯನ್ನು ಹೇಳುವುದಿಲ್ಲ. 1980ರ ಜನವರಿ 6ರಿಂದ ವಾರಗಳನ್ನು ಎಣಿಸುತ್ತದೆ. ಹಳೆಯ ಸಂಕೇತದಲ್ಲಿ ಆ ಎಣಿಕೆಗಿರುವ ಸ್ಥಳ 1024 ವಾರಗಳಿಗೆ ಮಾತ್ರ. ಬಳಿಕ ಮತ್ತೆ ಸೊನ್ನೆ. ಇದು ಎಷ್ಟನೆಯ ಸುತ್ತೆಂಬುದನ್ನು ಯಂತ್ರವೇ ಬಲ್ಲದಾಗಿರಬೇಕು. ಅರಿಯದ ಯಂತ್ರಕ್ಕೆ 2019ರ ಏಪ್ರಿಲ್ 7 ಎಂಬುದು 1999ರ ಆಗಸ್ಟ್ 22 ಆಗಿಬಿಡುತ್ತದೆ.

ಅಂತಹ ಯಂತ್ರವನ್ನು ನೆಚ್ಚಿದ ದೂರದರ್ಶಕವೊಂದನ್ನು ಓದುಗರು ಊಹಿಸಿಕೊಳ್ಳಬೇಕು. ನಡುರಾತ್ರಿ, ಚಿತ್ತೆಯ ನಕ್ಷತ್ರ ದಕ್ಷಿಣದಲ್ಲಿ ಎತ್ತರಕ್ಕೇರಿ ಬೆಳಗುತ್ತಿದೆ. ಚೈತ್ರಕ್ಕೆ ಹೆಸರು ಕೊಟ್ಟ ತಾರೆಯಲ್ಲವೆ! ಆದರೆ ಗಣಕಯಂತ್ರವು ಆಗಸ್ಟ್ ತಿಂಗಳ ಆಕಾಶವನ್ನು ಲೆಕ್ಕ ಹಾಕಿ, “ತಾರೆ ದಿಗಂತದ ಕೆಳಗಿದೆ” ಎಂದು ಹಟ ಹಿಡಿದು ಕದಲುವುದಿಲ್ಲ. ಪಾಪ, ವೀಕ್ಷಕನು ಮೋಟಾರನ್ನು ಶಂಕಿಸುತ್ತಾನೆ, ಆಂಟೆನಾದ ತಂತಿಯನ್ನು ಬಿಚ್ಚಿ ಜೋಡಿಸುತ್ತಾನೆ, ಎಷ್ಟು ಉಪಗ್ರಹಗಳು ಸಿಕ್ಕಿವೆಯೆಂದು ನೋಡುತ್ತಾನೆ. ಎಲ್ಲವೂ ಸರಿ. ಕೈಗಡಿಯಾರಕ್ಕೆ ಹೋಲಿಸಿದರೆ ಗಂಟೆ, ನಿಮಿಷ, ಸೆಕೆಂಡುಗಳೂ ಸರಿ! ಕೆಟ್ಟಿರುವುದು ತಾರೀಖೊಂದೇ, ಅದನ್ನು ನೋಡಬೇಕೆಂದು ನಡುರಾತ್ರಿಯಲ್ಲಿ ಯಾರಿಗೆ ತಾನೆ ಹೊಳೆದೀತು? ಅದರಿಂದ ಆಕಾಶ 9 ಗಂಟೆಗಳಷ್ಟು, ಎಂದರೆ 135 ಡಿಗ್ರಿ, ತಿರುಗಿಹೋಗಿರುತ್ತದೆ.

ಮೇಲೆ ಹೇಳಿದ 18 ಸೆಕೆಂಡಿನದು ಬೇರೊಂದು ಕಥೆ. ಭೂಮಿಯ ತಿರುಗಾಟ ಒಂದೇ ಸಮನಾಗಿಲ್ಲವೆಂದು ನಮ್ಮ ಗಡಿಯಾರಗಳಿಗೆ ಆಗಾಗ ಒಂದೊಂದು ಸೆಕೆಂಡು ಸೇರಿಸಿದರು, ಜಿ.ಪಿ.ಎಸ್. ಕಾಲಕ್ಕೆ ಸೇರಿಸಲಿಲ್ಲ. 2017ರಿಂದ ಈ ಅಂತರ 18 ಸೆಕೆಂಡು. ಯಂತ್ರವನ್ನು ಆರಿಸಿ ಹೊತ್ತಿಸಿದಾಗ ಉಪಗ್ರಹದ ಪೂರ್ಣ ಸಂದೇಶ ಬಂದು ಸೇರಲು ಹನ್ನೆರಡೂವರೆ ನಿಮಿಷ ಬೇಕು. ಈ ಅಂತರವೂ ಅದರಲ್ಲಿಯೇ ಅಡಗಿದೆ. ಕಾಯುವ ತಾಳ್ಮೆಯಿಲ್ಲದವನ ತಾರೆ ಚಂದ್ರಬಿಂಬದ ಅಗಲದ ಏಳನೆಯ ಒಂದು ಪಾಲಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. ಅದು ಕಾದರೆ ವಾಸಿಯಾಗುವ ರೋಗ.

ವಾರದ ಮರೆವು ಹಾಗಲ್ಲ; ನೂರು ಸಲ ಆರಿಸಿ ಹೊತ್ತಿಸಿದರೂ ಹೋಗದು. ತಯಾರಕರು ಹೊಸ ಕ್ರಮವಿಧಿಯನ್ನು ಕಳುಹಿಸಿದರೆ ಸರಿಯೆ. ಇಲ್ಲವಾದರೆ ಯಂತ್ರ ಹೇಳಿದ ತಾರೀಖಿಗೆ 7168 ದಿನ ಕೂಡಿಸುವಂತೆ ಗಣಕಕ್ಕೆ ಕಲಿಸಬೇಕು; ಅಥವಾ ಅದರಿಂದ ಸೆಕೆಂಡಿನ ಮಿಡಿತವನ್ನು ಮಾತ್ರ ಪಡೆದು ತಾರೀಖನ್ನು ಬೇರೆಡೆಯಿಂದ ತರಬೇಕು. ಹೊಸ ಉಪಗ್ರಹಗಳ ಹೊಸ ಸಂಕೇತದಲ್ಲಿ 8192 ವಾರಗಳಿಗೆ, ಸುಮಾರು 157 ವರ್ಷಗಳಿಗೆ, ಸ್ಥಳವುಂಟು. ಹಳೆಯ ಸಂಕೇತವನ್ನೇ ಓದುವ ಪೆಟ್ಟಿಗೆಗಳ ಮುಂದಿನ ಸುತ್ತು ಮುಗಿಯುವುದು 2038ರ ನವೆಂಬರಿನಲ್ಲಿ.