ದುಬಾರಿ ಪ್ಲಾನ್‌ಗೆ ಮುನ್ನ ತಂತಿ ಅಳೆಯಲಿ

ಮನೆಯ ಇಂಟರ್‌ನೆಟ್ ನಿಧಾನವೆಂದು ದೂರಿದರೆ ಆಗಾಗ ದೊರೆಯುವ ಸಲಹೆ, ಇನ್ನೂ ದುಬಾರಿ ಪ್ಲಾನ್ ಪಡೆಯಿರಿ ಎಂಬುದು. ದೋಷವಿರುವುದು ಬಾಗಿಲ ಸಂದಿಯಲ್ಲಿ ನಜ್ಜಿಹೋದ ಕೇಬಲ್‌ನಲ್ಲಿರಬಹುದು. ಈಥರ್‌ನೆಟ್ ಕೇಬಲ್‌ನೊಳಗೆ ಎಂಟು ತಂತಿಗಳಿವೆ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ನಾಲ್ಕು ಸಾಕು. 1,000ಕ್ಕೆ ಎಂಟೂ ಬೇಕು. ಒಂದು ತಂತಿ ತುಂಡಾದರೂ ಸಂಪರ್ಕ ಕಡಿಯದೆ, ಸದ್ದಿಲ್ಲದೆ 100ಕ್ಕೆ ಇಳಿಯಬಹುದು. 300 ಮೆಗಾಬಿಟ್‌ಗೆ ಹಣ ತೆರುವ ಮನೆಯಲ್ಲಿ ಅಳತೆ 95ರ ಆಸುಪಾಸಿನಲ್ಲೇ ನಿಂತಿದ್ದರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ. ಹಳೆಯ ರೌಟರ್‌ನ ಪೋರ್ಟ್ 100ಕ್ಕೇ ಸೀಮಿತವಾಗಿದ್ದರೂ ಫಲ ಅಷ್ಟೇ. ಇಂಥ ಮನೆಗೆ 500ರ ಪ್ಲಾನ್ ಮಾರುವುದು, ಕಸ ಕಟ್ಟಿದ ನಲ್ಲಿಗೆ ದೊಡ್ಡ ಟ್ಯಾಂಕ್ ಕೂರಿಸಿದಂತೆ.

ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ನಮ್ಮ ದೇಶದಲ್ಲಿ 2004ರಲ್ಲಿ 256 ಕಿಲೋಬಿಟ್ ಇದ್ದರೆ ಸಾಕಿತ್ತು. 2023ರಲ್ಲಿ ಆ ಕನಿಷ್ಠ ಮಿತಿ 2 ಮೆಗಾಬಿಟ್‌ಗೆ ಏರಿತು. 300ಕ್ಕೆ ಹಣ ಕೊಟ್ಟವರಿಗೆ ಅದರಿಂದಾಗುವ ಪ್ರಯೋಜನ ಅಷ್ಟರಲ್ಲೇ ಇದೆ! ಆದ್ದರಿಂದ ಸಂಪರ್ಕ ನೀಡುವ ದಿನವೇ, ವೈಫೈ ಬಿಟ್ಟು, ರೌಟರ್‌ಗೆ ಕೇಬಲ್ ಜೋಡಿಸಿ ಅಳೆದ ವೇಗವನ್ನು ಗ್ರಾಹಕನಿಗೆ ಬರೆದುಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಕಡ್ಡಾಯಗೊಳಿಸಲಿ. ದೂರಿನ ಮೇಲೆ ಬರುವ ತಂತ್ರಜ್ಞರೂ ಹೊಸ ಪ್ಲಾನ್‌ನ ಮಾತೆತ್ತುವ ಮುನ್ನ ಅದೇ ಅಳತೆಯನ್ನು ಮತ್ತೆ ಮಾಡಿ ಸಹಿ ಹಾಕಲಿ.